ಅಕ್ಕನ ಬ್ಯಾರನ್ನಿನ ಸೈರನ್ನೂ ನಮ್ಮಿಬ್ಬರ ಜಗಳವೂ

ಕಂಪ್ಯೂಟರ್ ಆನ್ ಮಾಡಿದಾಗ ಒಳಗಿನ ಪ್ರೋಗ್ರಾಮುಗಳನ್ನು ಎಬ್ಬಿಸಬೇಕಾದವರು ಯಾರು? ಇದೂ ಜಗಳವಾಡುವ ವಿಷಯವೇ ಅಂತ ನೀವು ಕೇಳಬಹುದು. ಪಿರಿಯಾಪಟ್ಟಣದಲ್ಲಿ ನಾನೂ ನನ್ನ ಗೆಳೆಯನೂ ನಡೆಸುವ ರಿಪೇರಿ ಅಂಗಡಿಗೆ ಬಂದು ಕೂತು ನೋಡಿ, ಆಮೇಲೆ ಹೇಳಿ.

ಹಳೇ ಮಿಷನ್ನುಗಳಿಗೆ ನಾವು ಬಿಟ್ಟಿ ಸಿಗುವ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇವೆ. ಅದರಲ್ಲಿ ಹಿಂದೆ ಒಂದೊಂದು ಕೆಲಸಕ್ಕೂ ಏನು ಮಾಡಬೇಕೆಂದು ಬರೆದ ಒಂದೊಂದು ಚಿಕ್ಕ ಸ್ಕ್ರಿಪ್ಟ್ ಇರುತ್ತಿತ್ತು. ಮಿಷನ್ ಎದ್ದ ಕೂಡಲೇ ಅವು ಸಾಲಾಗಿ ಓಡುತ್ತಿದ್ದವು. ಈಗ ಸಿಸ್ಟಮ್‌ಡಿ ಅಂತ ಒಬ್ಬ ಮೇಸ್ತ್ರಿ ಬಂದಿದ್ದಾನೆ. ಎಬ್ಬಿಸುವುದು, ಬಿದ್ದರೆ ಎತ್ತಿ ನಿಲ್ಲಿಸುವುದು, ಏನಾಯಿತೆಂದು ಬರೆದಿಡುವುದು, ಎಲ್ಲ ಅವನದೇ. ನನಗೆ ಇದು ಒಪ್ಪಿಗೆ. ಗೆಳೆಯನಿಗೆ ಅದರ ಹೆಸರೆತ್ತಿದರೆ ಮೈಯೆಲ್ಲ ಉರಿ.

“ಅದ್ಯಾಕ್ಲಾ ಎಲ್ಲಾನೂ ಒಬ್ನ ಕೈಗೇ ಕೊಟ್ಟೀಯೆ? ಅವ್ನೇ ಕೆಟ್ಟೋದ್ರೆ ಯಾರ್ನ ಕೇಳೀಯೆ?”

“ನಿನ್ ಸ್ಕ್ರಿಪ್ಟು ಒಂದ್ಸಲ ಎಬ್ಬಿಸ್ಬುಟ್ಟು ಮನೀಕತದೆ. ಆಮೇಕೆ ಬಿದ್ರೆ ಎತ್ತೋರ್ಯಾರ್ಲಾ?”

ದೂರದೇಶಗಳಲ್ಲಿ ಈ ವಾದ ತಣ್ಣಗಾದರೂ ನಮ್ಮ ಅಂಗಡಿಯಲ್ಲಿ ಆಗಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ, ಇವನು ಇಂಟರ್ನೆಟ್ಟಿನಲ್ಲಿ ಯಾರಿಗೋ ಉತ್ತರ ಬರೆಯುತ್ತಿರುತ್ತಾನೆ. ನನ್ನ ಕರ್ಮ!

ಬೆಟ್ಟದಪುರದ ಹತ್ತಿರ ನಮ್ಮಕ್ಕನದು ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಇದೆ. ಒಲೆಗೆ ಸೌದೆ ಒಟ್ಟುವುದು ಭಾವನ ಕೆಲಸ. ಕಿಂಡಿಯಲ್ಲಿ ಇಣುಕಿ, ಥರ್ಮಾಮೀಟರಿನಲ್ಲಿ ಕಾವು ನೋಡಿ “ಸಾಕು” ಅನ್ನುವುದು ಅಕ್ಕನ ಕೆಲಸ. ಭಾವನಿಗೆ ಆ ಸಣ್ಣ ಅಂಕಿ ಕಾಣುವುದಿಲ್ಲ. ಕನ್ನಡಕ ಹಾಕಿಕೋ ಅಂದರೆ ಕೋಪ. ಹಾಗಾಗಿ ಸೊಪ್ಪು ಬೇಯುವಷ್ಟು ದಿನವೂ ಅಕ್ಕ ಅಲ್ಲಿಂದ ಕದಲುವ ಹಾಗಿಲ್ಲ. ಆ ವರ್ಷ ಹೆಚ್.ಡಿ. ಕೋಟೆಗೆ ಕೊಟ್ಟಿದ್ದ ಮಗಳು ತುಂಬು ಬಸುರಿ. ವಿಜಯದಶಮಿಗೆ ಸೀಮಂತ. ಅಕ್ಕ ಹೋಗಲೇಬೇಕು ಅಂತ ಆಸೆಪಟ್ಟಳು.

ನಾವು ಬ್ಯಾರನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿದೆವು. ಕಾವು ಏರಿದರೆ ಅಂಗಳದಲ್ಲಿ ಸೈರನ್ ಕೂಗಬೇಕು, ಭಾವ ಸೌದೆ ನಿಲ್ಲಿಸಬೇಕು. ಹಬ್ಬಕ್ಕೆ ಮೊದಲು ಬ್ಯಾರನ್ನಿಗೆ ತುಂಬಿ ಬೇಯಿಸಿದ ಲೋಡುಗಳಲ್ಲೆಲ್ಲ ಸರಿಯಾಗಿಯೇ ಕೂಗಿತ್ತು. “ಧೈರ್ಯವಾಗಿ ಹೋಗಕ್ಕ” ಅಂದೆ.

ಸೈರನ್ನಿನ ಪ್ರೋಗ್ರಾಮನ್ನು ಎಬ್ಬಿಸುವ ಕೆಲಸ ನಾನು ಸಿಸ್ಟಮ್‌ಡಿ ಮೇಸ್ತ್ರಿಯ ಕೈಗೆ ಒಪ್ಪಿಸಿದ್ದು ಗೆಳೆಯನ ಕಣ್ಣಿಗೆ ಬಿತ್ತು ನೋಡಿ. ನನಗೆ ಹೇಳದೆ ಆ ಏರ್ಪಾಡು ತೆಗೆದು ತನ್ನ ಸ್ಕ್ರಿಪ್ಟ್ ಸೇರಿಸಿದ. ನಾನು ಆ ಸ್ಕ್ರಿಪ್ಟ್ ಕಂಡು, ಅವನಿಗೆ ಹೇಳದೆ ಕಿತ್ತೆಸೆದೆ. ನನ್ನದು ಅಲ್ಲೇ ಇದೆ ಅಂತ ನಾನು, ತನ್ನದು ಅಲ್ಲೇ ಇದೆ ಅಂತ ಅವನು. ಯಾರೂ ಮಿಷನ್ ಆಫ್ ಮಾಡದೆ, ಅಷ್ಟು ಹೊತ್ತಿಗೆ ಓಡುತ್ತಿದ್ದ ಪ್ರೋಗ್ರಾಮ್ ಓಡುತ್ತಲೇ ಇದ್ದುದರಿಂದ ಇಬ್ಬರಿಗೂ ಏನೂ ತಿಳಿಯಲಿಲ್ಲ.

ಆಯುಧಪೂಜೆ ಬಂತು. ಭಾವ ಪಂಪು, ಟಿಲ್ಲರ್ ಜೊತೆಗೆ ಕಂಪ್ಯೂಟರನ್ನೂ ಆಫ್ ಮಾಡಿ, ವಿಭೂತಿ ಬಳಿದು, ಚೆಂಡುಹೂವು ಇಟ್ಟರು. ಆಯುಧಕ್ಕೆ ಅವತ್ತು ರಜೆ. ಅಕ್ಕ ತಾನೇ ಕಾವು ನೋಡಿಕೊಂಡಳು. ಮರುದಿನ ಬೆಳಿಗ್ಗೆ ಭಾವ ಸ್ವಿಚ್ ಹಾಕಿದರು. ಹಸಿರು ದೀಪ ಹತ್ತಿತು. ಪ್ರೋಗ್ರಾಮನ್ನು ಎಬ್ಬಿಸುವವರು ಮಾತ್ರ ಒಳಗೆ ಯಾರೂ ಇರಲಿಲ್ಲ. ಅಕ್ಕ ರೇಷ್ಮೆ ಸೀರೆ ಉಟ್ಟು ಬಸ್ ಹತ್ತಿದಳು.

ಸಂಜೆ ಬರುವಾಗ ದಾರಿಯಲ್ಲೇ ಸೀದ ವಾಸನೆ ಹೊಡೆಯಿತಂತೆ. ಭಾವ ಇನ್ನೂ ಸೌದೆ ಒಟ್ಟುತ್ತಿದ್ದರು. “ಅದು ಕೂಗ್ನೇ ಇಲ್ಲ ಕಣಮ್ಮಿ” ಅಂದರಂತೆ.

ಸುದ್ದಿ ತಿಳಿದು ನಾವಿಬ್ಬರೂ ಓಡಿದೆವು. ಬಂಗಾರದ ಬಣ್ಣಕ್ಕೆ ಬರಬೇಕಿದ್ದ ಸೊಪ್ಪು ಕರ್ರಗಾಗಿ ನೇತಾಡುತ್ತಿತ್ತು. ಗೆಳೆಯ ಲ್ಯಾಪ್‌ಟಾಪ್ ಬಿಚ್ಚಿದವನೇ, “ನನ್ ಸ್ಕ್ರಿಪ್ಟ್ ತೆಗ್ದೋನು ಯಾವನ್ಲಾ?” ಅಂದ. “ನನ್ದನ್ನ ಮುಟ್ಟು ಅಂತ ನಿಂಗ್ಯಾವನ್ಲಾ ಹೇಳ್ದೋನು?” ಅಂತ ನಾನೂ ಏರಿದೆ. ಸುಟ್ಟ ಸೊಪ್ಪಿನ ಕೆಳಗೆ ನಿಂತು, ನಾಚಿಕೆಗೆಟ್ಟವರು, ಹಳೇದು ಮೇಲೋ ಹೊಸದು ಮೇಲೋ ಅಂತ ಮತ್ತೆ ಶುರು ಮಾಡಿದೆವು.

ಅಕ್ಕ ವೈರ್ ಕಿತ್ತು ಕಂಪ್ಯೂಟರನ್ನು ನನ್ನ ಕೈಗಿಟ್ಟಳು. “ಯಾರ್ ಗೆದ್ರೂ ನಂಗೇನಾದದು? ತಕಂಡೋಗ್ರಪ್ಪ.”

ಕೊನೇ ಲೋಡ್ ಬೇಯುತ್ತಿದ್ದಾಗ, ನಾನು ಬ್ಯಾರನ್ನಿನ ಹತ್ತಿರ ಹೋಗಿದ್ದ ದಿನವೇ, ಹೆಚ್.ಡಿ. ಕೋಟೆಯಲ್ಲಿ ಮಗಳಿಗೆ ಹೆರಿಗೆಯಾಯಿತು, ಹೆಣ್ಣುಮಗು. ಅಕ್ಕ ಕಿಂಡಿಯ ಪಕ್ಕ ನಿಂತೇ ಮೊಬೈಲಿನಲ್ಲಿ ಮಗುವಿನ ಮುಖ ನೋಡಿದಳು. ನೋಡುತ್ತ ನೋಡುತ್ತಲೇ ಕಿಂಡಿಗೆ ಇಣುಕಿ, ಭಾವನಿಗೆ “ಸಾಕು” ಅಂದಳು. ನನಗೆ ತಡೆಯಲಾಗಲಿಲ್ಲ.

“ಮೊಮ್ಮಗಳ್ನ ನೋಡ್ಕ ಬಾ ಹೋಗಕ್ಕ. ಇಲ್ಲಿ ಕಾವು ನಾನು ನೋಡ್ಕತೀನಿ.”

ಅಕ್ಕ ನನ್ನನ್ನೇ ನೋಡಿದಳು.

“ನೀನಾ?” ಅಂದಳು.