ಮಂಜಿನಡಿಯ ಕಡುಬು

ಆಗೆಲ್ಲ ಮಸ್ಕತ್ತಿನ ಸೆಕೆಗೆ ಗೋಡೆಯೂ ಬೆವರುತ್ತಿತ್ತು. ವಾದಿ ಕಬೀರಿನ ನಮ್ಮ ಪುಟ್ಟ ಫ್ಲಾಟಿನಲ್ಲಿ ಹಿಮ ಇದ್ದದ್ದು ಒಂದೇ ಕಡೆ, ಫ್ರೀಜರಿನೊಳಗೆ. ಬಾಗಿಲು ತೆರೆದು ಆ ತಣ್ಣನೆಯ ಹೊಗೆಗೆ ಮುಖವೊಡ್ಡಿ ನಿಂತರೆ ನಾನು ಈ ಲೋಕದಲ್ಲೇ ಇರುತ್ತಿರಲಿಲ್ಲ.

"ಬಾಗಿಲು ಹಾಕು ಮಾರಾಯ್ತಿ! ಹೊರಗಿನ ಬೆವರೆಲ್ಲ ಒಳಗೆ ಹೋಗ್ತದೆ," ಎಂದು ಅಮ್ಮ ಕೂಗಿದಾಗಲೇ ಎಚ್ಚರ.

ಆ ವರ್ಷ ಅಪ್ಪನಿಗೆ ರಜೆ ಸಿಗಲಿಲ್ಲ. ಅವರಿಗೆ ದೂರದ ಸಹಮ್ ಪಟ್ಟಣದ ಅಂಗಡಿಯೊಂದರಲ್ಲಿ ಕೆಲಸ; ಗುರುವಾರ ಸಂಜೆ ಮನೆಗೆ ಬಂದರೆ ಶುಕ್ರವಾರವೇ ವಾಪಸ್ಸು. ಊರಿಗೆ ಹೋಗಿಬಂದದ್ದು ಅಮ್ಮ ಮತ್ತು ನಾನು ಮಾತ್ರ. ಹೊರಡುವಾಗ ಉಡುಪಿಯ ಅಜ್ಜಿ ತನ್ನ ಮಗನಿಗೆಂದು ಅರಸಿನ ಎಲೆಯಲ್ಲಿ ಬೇಯಿಸಿದ ಬೆಲ್ಲ-ಕಾಯಿಯ ಕಡುಬು ಕಟ್ಟಿಕೊಟ್ಟಿದ್ದರು. ಅವನ್ನು ಫ್ರೀಜರಿನಲ್ಲಿಟ್ಟು ಅಪ್ಪ ವಾರಕ್ಕೊಂದೇ ತಿನ್ನುತ್ತಿದ್ದರು. ಆದಷ್ಟು ದಿನ ಬರಬೇಕಲ್ಲ!

ಹಾಗಾಗಿ ಅಮ್ಮನ ಯುದ್ಧವೆಲ್ಲ ಮಂಜಿನ ಮೇಲೆ. ಬಿಸಿ ಪಾತ್ರೆ ಒಳಗಿಡುವಂತಿಲ್ಲ. ಮೀನಿನ ಪೊಟ್ಟಣವನ್ನೂ ಮಗುವಿನ ತಲೆ ಒರೆಸಿದ ಹಾಗೆ ಒರೆಸಿಯೇ ಇಡಬೇಕು. ಬಾಗಿಲಿನ ರಬ್ಬರನ್ನು ಸೋಡಾ ನೀರಿನಲ್ಲಿ ತಿಕ್ಕಿ, ಬಿಗಿಯಿದೆಯೇ ಎಂದು ಕಾಗದ ಸಿಕ್ಕಿಸಿ ಎಳೆದು ನೋಡುತ್ತಿದ್ದಳು. ಆದರೂ ಹಟಮಾರಿ ಮಂಜು ಬೆಳೆಯಿತು. ಕೊನೆಯ ಕಡುಬು ಅದರೊಳಗೆ ಹೂತುಹೋಯಿತು.

ಗುರುವಾರ ಮನೆಗೆ ಬಂದ ಅಪ್ಪ ಚೂರಿ ಹಿಡಿದೇ ಫ್ರಿಜ್ಜಿನ ಮುಂದೆ ನಿಂತರು.

"ಚೂರಿ ಹಾಕ್ಬೇಡಿ, ಪೈಪ್ ತೂತಾದ್ರೆ ಫ್ರಿಜ್ಜೇ ಖಲಾಸ್!" ಎಂದು ಅಮ್ಮ ಸ್ವಿಚ್ ಆರಿಸಿ, ಕುದಿನೀರಿನ ಪಾತ್ರೆಯನ್ನು ಒಳಗಿಟ್ಟಳು.

ಮೂವರೂ ಅಡುಗೆಮನೆಯ ನೆಲದಲ್ಲಿ ಕುಳಿತೆವು. ಮಂಜಿನ ಗಡ್ಡೆ ಕಳಚಿದಾಗಲೆಲ್ಲ ಅಪ್ಪ ಅರಬರ ಹಾಗೆ "ಯಲ್ಲಾ, ಬಿತ್ತು!" ಎನ್ನುತ್ತಿದ್ದರು. ನಾನು ಚೂರುಗಳನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆ. ಮೆಲ್ಲಗೆ ಅರಸಿನ ಎಲೆಯ ಪರಿಮಳ ಎದ್ದಿತು. ಆ ಸಂಜೆ ಮುಗಿಯಲೇಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ಹಬೆಯಲ್ಲಿ ಬಿಸಿಮಾಡಿದ ಕಡುಬನ್ನು ಅಪ್ಪ ಮೂರು ಪಾಲು ಮಾಡಿದರು. ಬಾಯಿಗಿಟ್ಟರೆ ಬೆಲ್ಲವೂ ಇಲ್ಲ, ಕಾಯಿಯೂ ಇಲ್ಲ. ನೀರು ಸೇರಿ ಎಲ್ಲ ಸಪ್ಪೆ.

"ಹೇಗುಂಟು?" ಅಮ್ಮನ ದನಿ ಸಣ್ಣಗಿತ್ತು.

"ಊರಲ್ಲಿ ನನ್ನಮ್ಮ ಈಗಷ್ಟೇ ಒಲೆಯಿಂದ ಇಳಿಸಿದ ಹಾಗುಂಟು," ಎಂದರು ಅಪ್ಪ. ನನ್ನ ಮುಖ ನೋಡಿ, "ನಿಂಗೆ ಬೇಡವಾ ಮಗಾ? ಕೊಡು ಇಲ್ಲಿ," ಎಂದು ಅದನ್ನೂ ತಿಂದು, ಎಲೆಯನ್ನೂ ಬಿಡಿಸಿ ನೆಕ್ಕಿದರು.

ಅಮ್ಮ ತನ್ನ ಪಾಲನ್ನು ಬಾಯಿಗಿಟ್ಟಳು. ಅಪ್ಪನನ್ನೇ ನೋಡಿದಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ನನ್ನ ಫ್ರೀಜರಿನಲ್ಲಿ ಮಂಜು ಕಟ್ಟುವುದಿಲ್ಲ. ಅರಸಿನ ಎಲೆ ಅಂಗಡಿಯಲ್ಲೇ ಸಿಗುತ್ತದೆ, ಬೇಕೆನಿಸಿದ ದಿನ ಕಡುಬು ಮಾಡುತ್ತೇನೆ. ಬೆಲ್ಲ ಸ್ವಲ್ಪ ಕಡಿಮೆಯಾದರೂ ಮಕ್ಕಳು ತಟ್ಟೆ ಸರಿಸುತ್ತಾರೆ. ಅಮ್ಮ ಹೋದಳು, ಅಪ್ಪನೂ ಹೋದರು. ಸಪ್ಪೆ ಕಡುಬನ್ನು ಎಲೆ ನೆಕ್ಕಿ ತಿನ್ನುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.