ಎಡಗೈ ಕತ್ತಿ

ಕೊಂಬೆ ಕಡಿಯುವುದಕ್ಕೆ ಕತ್ತಿ ಕೊಳ್ಳಬೇಕೋ ಗರಗಸ ಕೊಳ್ಳಬೇಕೋ ಎಂದು ಕೇಳಿಕೊಂಡು ಜನ ನನ್ನ ಹತ್ತಿರ ಬರುತ್ತಿದ್ದ ಒಂದು ಕಾಲವಿತ್ತು. ಮಲ್ಲಂದೂರಿನ ಕಡೆಯಿಂದ ಬರುತ್ತಿದ್ದರು, ಅತ್ತಿಗುಂಡಿಯಿಂದಲೂ ಬಂದಿದ್ದರು. ನಾನು ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಹಾಜರಿ ಬರೆಯುವವನು, ಗೊಬ್ಬರ ಅಳೆದು ಕೊಡುವವನು, ಸಾಹುಕಾರರಿಗೂ ಆಳುಗಳಿಗೂ ನಡುವೆ ಸಿಕ್ಕಿ ಎರಡೂ ಕಡೆಯಿಂದ ಬೈಸಿಕೊಳ್ಳುವವನು. ಜೀವಮಾನದಲ್ಲಿ ಒಂದು ದಿನವೂ ಮರ ಹತ್ತಿದವನಲ್ಲ. ಏಣಿಯ ಮೂರನೇ ಮೆಟ್ಟಿಲಿಗೇ ನನ್ನ ಕಾಲು ನಡುಗುತ್ತದೆ. ಅಂಥವನು ಅಲಗಿನ ಪಂಡಿತನಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.

ಬಂದವರಿಗೆಲ್ಲ ನನ್ನ ಉಪದೇಶ ಒಂದೇ. ಅಂಗಡಿಗೆ ಹೋಗಿ ಅಲಗನ್ನು ನೋಡಬೇಡಿ, ಅದನ್ನು ಮಸೆಯುವವನು ನಿಮ್ಮ ಊರಲ್ಲಿ ಯಾರಿದ್ದಾನೆ ಎಂದು ಮೊದಲು ನೋಡಿ. ಅಂಗಡಿಯವನು ಕತ್ತಿಯನ್ನು ಉಗುರಿನಿಂದ ಮೀಟಿ ಕಿವಿಯ ಹತ್ತಿರ ಹಿಡಿಯುತ್ತಾನೆ, ಫಾರಿನ್ ಸ್ಟೀಲು ಎನ್ನುತ್ತಾನೆ. ಇರಬಹುದು. ಗಟ್ಟಿ ಉಕ್ಕು ಮೊಂಡಾದರೆ ಅದನ್ನು ಮತ್ತೆ ಹರಿತ ಮಾಡುವುದಕ್ಕೆ ಅಷ್ಟೇ ಒಳ್ಳೆಯ ಕೈ ಬೇಕು. ಆ ಕೈ ಇಲ್ಲದ ಊರಿನಲ್ಲಿ ಆ ಉಕ್ಕು ದಂಡ. ಮೆತ್ತನೆಯದಾದರೆ ದಿನಾ ಬೆಳಿಗ್ಗೆ ಕಲ್ಲಿಗೆ ಉಜ್ಜಿಕೊಂಡು ಹೇಗೋ ಕಾಲ ಹಾಕಬಹುದು. ಅದಕ್ಕೂ ಆಳಿಲ್ಲ ಅಂದರೆ ಅಲಗು ಬದಲಾಯಿಸುವ ಕೈಗರಗಸ ತನ್ನಿ. ಹಲ್ಲು ಸವೆದರೆ ಹಳೆಯದನ್ನು ಬಿಸಾಕಿ ಹೊಸದನ್ನು ಸಿಕ್ಕಿಸಿ. ಇಷ್ಟನ್ನು ನಾನು ಕೈ ತಿರುವಿ ತಿರುವಿ ಹೇಳುತ್ತಿದ್ದೆ. ಕೇಳಿದವರು ತಲೆದೂಗಿಕೊಂಡು ಹೋಗುತ್ತಿದ್ದರು.

ಈ ಪಾಂಡಿತ್ಯ ನನಗೆ ಒಂದೇ ಒಂದು ಕತ್ತಿಯಿಂದ ಬಂದದ್ದು. ಅದು ನನ್ನದಲ್ಲ, ನಮ್ಮ ಎಸ್ಟೇಟಿನಲ್ಲಿ ಮರಗಸಿ ಮಾಡುತ್ತಿದ್ದವನದು. ಮಳೆ ಹಿಡಿಯುವ ಮೊದಲು ನೆರಳಿನ ಮರ ಹತ್ತಿ, ಕಾಫಿ ಗಿಡಕ್ಕೆ ಬೇಕಾದಷ್ಟೇ ಬೆಳಕು ಬೀಳುವ ಹಾಗೆ ಕೊಂಬೆ ಇಳಿಸುವ ಕೆಲಸಕ್ಕೆ ಮರಗಸಿ ಎನ್ನುತ್ತೇವೆ. ಅವನು ಎಡಗೈಯವನು. ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದರು, ಅವನಿಗೂ ಅದರಲ್ಲಿ ಬೇಸರವಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ನೆಲದ ಮೇಲೆ ಇದ್ದಾಗ ಸಾಧಾರಣ ಮನುಷ್ಯ. ಮರ ಹತ್ತಿದನೆಂದರೆ ಗತ್ತೇ ಬೇರೆ. ಮೇಲಿಂದ ನನ್ನನ್ನು ಗದರುತ್ತಿದ್ದ, ರೈಟ್ರೇ ಆಚೆ ಹೋಗಿ, ಕೊಂಬೆ ಅಡಿ ನಿಲ್ಬೇಡಿ, ಮೇಲೆ ಎಂತ ನೋಡ್ತೀರಿ ಎಂದು. ಅವನು ಇಳಿಸಿದ ಕೊಂಬೆ ಎರಡು ಸಾಲಿನ ನಡುವೆಯೇ ಬೀಳುತ್ತಿತ್ತು. ಕಾಫಿ ಗಿಡದ ಒಂದು ರೆಂಬೆಯೂ ಮುರಿಯುತ್ತಿರಲಿಲ್ಲ.

ಅವನ ಕತ್ತಿಯನ್ನು ಮಾಡಿಕೊಟ್ಟವರು ನಮ್ಮ ಊರಿನ ಕಬ್ಬಿಣದ ಕೆಲಸದ ಆಚಾರಿ, ಹಳೆಯ ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ. ಮರಗಸಿ ಕತ್ತಿಗೆ ನಮ್ಮಲ್ಲಿ ಬಾಯಿ ಒಂದೇ ಕಡೆ ಇಡುವುದು. ಒಂದು ಮೈ ಚಪ್ಪಟೆ, ಇನ್ನೊಂದು ಮೈಯಲ್ಲಿ ಇಳಿಜಾರು. ಚಪ್ಪಟೆ ಮೈ ಕೊಂಬೆಗೆ ತಾಗಿಕೊಂಡು ಇಳಿದರೆ ಕತ್ತಿ ಕಚ್ಚುತ್ತದೆ. ಬಲಗೈಯವರ ಕತ್ತಿಗೆ ಇಳಿಜಾರು ಬಲಕ್ಕೆ, ಇವನದಕ್ಕೆ ಎಡಕ್ಕೆ. ಬಲಗೈ ಕತ್ತಿಯನ್ನು ಎಡಗೈಯಲ್ಲಿ ಹಿಡಿದು ಬೀಸಿದರೆ ಇಳಿಜಾರು ಕೊಂಬೆಯ ಕಡೆಗೆ ಬರುತ್ತದೆ, ಅಲಗು ಕಚ್ಚದೆ ಜಾರುತ್ತದೆ. ಎಸ್ಟೇಟಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಇದು. ನನಗೂ ಗೊತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಆಚಾರಿಗೆ ಕಣ್ಣು ಮಂಜಾಯಿತು. ಕುಲುಮೆಯ ತಿದಿ, ಅಡಿಗಲ್ಲು ಎಲ್ಲ ಬಿಟ್ಟು ಮಗಳ ಊರಿಗೆ ಹೋದರು. ಆಮೇಲೆ ನಮ್ಮ ಸುತ್ತಮುತ್ತ ಕತ್ತಿ ಮಸೆಯುವವರು ಯಾರೂ ಉಳಿಯಲಿಲ್ಲ. ಇದ್ದದ್ದು ಪೇಟೆಯಲ್ಲಿ ಕರೆಂಟಿನ ಚಕ್ರ ಇಟ್ಟುಕೊಂಡ ಒಬ್ಬನೇ. ಗೇಟು, ಕಿಟಕಿ ಬೆಸುಗೆ ಹಾಕುವ ನಡುವೆ ಕತ್ತಿಯನ್ನೂ ಚಕ್ರಕ್ಕೆ ಕೊಡುತ್ತಿದ್ದ. ಎಡಚ ಅವನ ಹತ್ತಿರ ಹೋಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ತಾನೇ ಕಲ್ಲಿಗೆ ನೀರು ಹಾಕಿಕೊಂಡು ಮಸೆದು, ಮುಂಗೈ ಮೇಲಿನ ಕೂದಲನ್ನು ಬೋಳಿಸಿ ನೋಡಿ ಮರ ಹತ್ತುತ್ತಿದ್ದ.

ಆ ವರ್ಷ ಮರಗಸಿ ಅರ್ಧ ಮುಗಿದಿತ್ತು. ಗಡಿಯಲ್ಲಿದ್ದ ಒಂದು ಮರದ ಒಳಗೆ ಯಾವ ಕಾಲದ್ದೋ ಮುಳ್ಳುತಂತಿ ಹುದುಗಿಕೊಂಡಿತ್ತು. ಅದಕ್ಕೆ ತಾಗಿ ಕತ್ತಿಯ ಬಾಯಿ ಮೂರು ಕಡೆ ಹಲ್ಲು ಹಲ್ಲಾಗಿ ಎದ್ದುಹೋಯಿತು. ಕಲ್ಲಿನಲ್ಲಿ ಸರಿಹೋಗುವ ಗಾಯವಲ್ಲ. ಹೇಗೂ ಮೂಡಿಗೆರೆಗೆ ಹೋಗುತ್ತಿದ್ದೇನಲ್ಲ, ಕೊಡು ಮಾರಾಯ, ಮಾಡಿಸಿಕೊಂಡು ಬರುತ್ತೇನೆ ಎಂದು ನಾನೇ ಕೇಳಿ ತೆಗೆದುಕೊಂಡೆ. ಅವನು ಗೋಣಿತಾಟಿನಲ್ಲಿ ಸುತ್ತಿ ನೆಲದ ಮೇಲಿಟ್ಟ. ನಾನು ಎತ್ತಿಕೊಂಡೆ. ಅಲಗನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ತಗೊಂಡವರಿಗೂ ಜಗಳವಾಗುತ್ತದೆ ಎಂಬುದು ನಮ್ಮ ಕಡೆಯ ಪದ್ಧತಿ.

"ಎಡಗೈದು ಅಂತ ಹೇಳಿ ರೈಟ್ರೇ. ಹೇಳ್ದಿದ್ರೆ ಅವ್ನಿಗೆ ಗೊತ್ತಾಗಲ್ಲ," ಎಂದ.

ಅಷ್ಟೇ ಅವನು ನನಗೆ ಒಪ್ಪಿಸಿದ್ದ ಕೆಲಸ. ಒಂದು ಮಾತು.

ಪೇಟೆಯಲ್ಲಿ ಔಷಧಿ ಸಿಂಪಡಿಸುವ ಯಂತ್ರದ ವಾಷರ್ ಹುಡುಕುವುದರಲ್ಲಿ ನನಗೆ ಮಧ್ಯಾಹ್ನವಾಯಿತು. ಚಕ್ರದವನ ಮುಂದೆ ಕತ್ತಿ ಹಾಕಿ, ಬೇಗ ಮಾಡಿಡು, ಬಸ್ಸಿದೆ ಎಂದು ಹೇಳಿ ಹೋಟೆಲಿಗೆ ಹೋದೆ. ಇಡ್ಲಿ ಮುಗಿದಿತ್ತು, ಬನ್ಸ್ ತಿಂದೆ. ಯಾವ ಮೇಜಿನಲ್ಲಿ ಕುಳಿತಿದ್ದೆ ಎನ್ನುವುದೂ ನೆನಪಿದೆ. ಹೇಳಬೇಕಾದ ಮಾತು ಮಾತ್ರ ಅವತ್ತು ನೆನಪಿಗೆ ಬರಲಿಲ್ಲ. ವಾಪಸು ಬಂದಾಗ ಕತ್ತಿ ಫಳಫಳ ಹೊಳೆಯುತ್ತಿತ್ತು. ಸುತ್ತಿಕೊಂಡು ಓಡಿ ಬಸ್ಸು ಹತ್ತಿದೆ.

ಇಲ್ಲಿಗೇ ನಿಲ್ಲಿಸಿದರೆ ನಾನು ಮರೆಗುಳಿ ಅಷ್ಟೆ. ಮರೆವಿಗೆ ಯಾರೂ ಯಾರನ್ನೂ ನೇಣು ಹಾಕುವುದಿಲ್ಲ. ಆದರೆ ಬಸ್ಸು ಪೇಟೆ ದಾಟುವ ಮೊದಲೇ ನಾನು ಗೋಣಿತಾಟು ಬಿಚ್ಚಿ ನೋಡಿದೆ. ಹಲ್ಲುಗಳೆಲ್ಲ ಹೋಗಿದ್ದವು. ಅವನ್ನು ತೆಗೆಯಲು ಚಕ್ರದವನು ಸುಮಾರು ಉಕ್ಕು ತಿಂದಿದ್ದ. ತಿಂದವನು ಕೈ ರೂಢಿಯಲ್ಲಿ ಹೊಸ ಇಳಿಜಾರನ್ನು ಬಲಕ್ಕೆ ಇಟ್ಟಿದ್ದ. ಇಳಿದು ವಾಪಸು ನಡೆದಿದ್ದರೆ ಕಾಲು ಗಂಟೆ. ಆದರೆ ನಮ್ಮ ಕಡೆಗೆ ಅವತ್ತಿಗೆ ಅದೇ ಕೊನೆಯ ಬಸ್ಸು, ಆಮೇಲೆ ಯಾವುದಾದರೂ ಜೀಪು ಸಿಕ್ಕರೆ ಸಿಕ್ಕಿತು. ಹರಿತವಂತೂ ಆಗಿದೆ, ಅವನ ಕೈ ಪಳಗಿದ ಕೈ, ಹೇಗೋ ಸುಧಾರಿಸಿಕೊಳ್ಳುತ್ತಾನೆ ಎಂದುಕೊಂಡೆ. ಇನ್ನೂ ಒಂದು ಕಾರಣವಿತ್ತು. ಒಂದು ಮಾತು ಹೇಳಲು ಮರೆತೆ ಎಂದು ಅವನ ಮುಂದೆ ಒಪ್ಪಿಕೊಳ್ಳುವುದು ನನಗೆ ಬೇಕಿರಲಿಲ್ಲ. ಮತ್ತೆ ಸುತ್ತಿ ಕಾಲಡಿ ಇಟ್ಟುಕೊಂಡೆ.

ಮಾರನೇ ಬೆಳಿಗ್ಗೆ ನೆರಳಿಗೆ ಬಿಟ್ಟಿದ್ದ ದೊಡ್ಡ ಗೋಣಿ ಮರದ ಬುಡದಲ್ಲಿ ಕತ್ತಿಯನ್ನು ನೆಲಕ್ಕಿಟ್ಟೆ. ಅವನು ಎತ್ತಿಕೊಂಡು ಹೆಬ್ಬೆರಳನ್ನು ಬಾಯಿಗೆ ಅಡ್ಡವಾಗಿ ಎಳೆದ. ಮಗುಚಿದ. ಇನ್ನೊಂದು ಸಲ ಎಳೆದ. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದ. ನಾನು ಹಾಜರಿ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದೆ. ಬರೆಯಲು ಏನೂ ಇರಲಿಲ್ಲ, ಹಾಜರಿ ಆಗಲೇ ಮುಗಿದಿತ್ತು.

"ಹರಿತ ಆಗಿದೆ," ಎಂದು ಹೇಳಿ ಅವನು ಏಣಿ ಹತ್ತಿದ.

ಕೊಂಬೆಯನ್ನು ಕಚ್ಚಿದ ಕತ್ತಿಯ ಸದ್ದು ದಪ್ಪಗಿರುತ್ತದೆ. ಜಾರಿದ ಕತ್ತಿ ಸಣ್ಣಗೆ ಟಣ್ ಎನ್ನುತ್ತದೆ. ಮೊದಲ ಕೊಂಬೆ ಬಿತ್ತು. ಎರಡನೆಯದೂ ಬಿತ್ತು. ನಡುನಡುವೆ ಎರಡು ಸಲ ಟಣ್ ಎಂದದ್ದು ಕೇಳಿಸಿತು. ನಿಲ್ಲಿಸು, ಇಳಿ ಎಂದು ಕೂಗಬೇಕೆಂದು ಬಾಯಿ ತೆರೆದೆ, ಕೂಗಲಿಲ್ಲ. ಮೂರನೇ ಸಲದ ಟಣ್ ಆದ ಮೇಲೆ ಮರದ ಮೇಲೆ ಸದ್ದೇ ಇರಲಿಲ್ಲ. ಕತ್ತಿ ಕೆಳಗೆ ಬಂದು ಕಾಫಿ ಗಿಡದ ನಡುವೆ ಬಿತ್ತು. ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದ, ಬಲಗೈಗೆ ತಲೆಯ ಟವೆಲು ಸುತ್ತಿಕೊಂಡು. ಮೇಲಿನ ಕೊಂಬೆಯನ್ನು ಹಿಡಿದುಕೊಂಡಿದ್ದ ಆ ಕೈಯಲ್ಲಿ ಎರಡು ಬೆರಳು ಇರಲಿಲ್ಲ.

ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ನಾನೇ. ಸಾಹುಕಾರರು ಕೇಳಿದಾಗ ಎಡಚ, ಕೈ ಜಾರಿತು ಎಂದ. ಡಾಕ್ಟರಿಗೂ ಹಾಗೇ ಹೇಳಿದ, ಹೆಂಡತಿಗೂ ಹಾಗೇ ಹೇಳಿದ. ಪ್ರತಿ ಸಲವೂ ನಾನು ಪಕ್ಕದಲ್ಲೇ ನಿಂತಿದ್ದೆ, ಒಂದು ಸಲವೂ ಬಾಯಿ ಬಿಡಲಿಲ್ಲ.

ಆಮೇಲೆ ಸಾಹುಕಾರರು ಎಸ್ಟೇಟಿನ ಹತಾರುಗಳ ಜವಾಬ್ದಾರಿಯನ್ನು ನನಗೇ ವಹಿಸಿದರು. ಚಿಕ್ಕಮಗಳೂರಿಗೆ ಹೋಗಿ ಅಂಗಡಿ ಅಂಗಡಿ ತಿರುಗಿ ಅಲಗು ಬದಲಾಯಿಸುವ ಗರಗಸಗಳನ್ನು ತಂದೆ. ಮಸೆಯುವವರು ಸಿಗದ ಊರಿಗೆ ಇದೇ ಸರಿ ಎಂದು ಕಾರಣ ಕೊಟ್ಟೆ. ಕಾರಣ ಸುಳ್ಳೇನಲ್ಲ. ಆದರೆ ನಾನು ಗರಗಸವನ್ನು ಆರಿಸಿಕೊಂಡದ್ದು ಅದಕ್ಕಲ್ಲ. ಗರಗಸಕ್ಕೆ ಎಡಗೈ ಬಲಗೈ ಎಂಬುದಿಲ್ಲ, ಅದಕ್ಕೆ. ಅಕ್ಕಪಕ್ಕದ ಎಸ್ಟೇಟಿನವರು ಬಂದು ನೋಡಿದರು, ಅವರೂ ತಂದರು. ಹೀಗೆ ನನ್ನ ಹೆಸರಾಯಿತು. ಹೆದರಿಕೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಡಚ ಮತ್ತೆ ಮರ ಹತ್ತಲಿಲ್ಲ. ಕಣದಲ್ಲಿ ಸಿಪ್ಪೆ ತೆಗೆದು ತೊಳೆದು ಒಣಗಲು ಹಾಕಿದ ಪಾರ್ಚ್‌ಮೆಂಟ್ ಕಾಫಿಯನ್ನು ಮಗುಚುವ ಕೆಲಸಕ್ಕೆ ಹಾಕಿದರು. ನನ್ನ ಆಫೀಸಿನ ಕಿಟಕಿಯ ಎದುರಿಗೇ ಕಣ. ವರ್ಷಗಟ್ಟಲೆ ನಾನು ತಲೆ ಎತ್ತಿದಾಗಲೆಲ್ಲ ಅವನಿದ್ದ. ಮಾತು ಕಡಿಮೆಯಾಗಿತ್ತು, ಗದರುವುದಂತೂ ನಿಂತೇಹೋಗಿತ್ತು. ನಡುನಡುವೆ ಕೆಲಸ ನಿಲ್ಲಿಸಿ ಮರಗಳನ್ನು ನೋಡುತ್ತ ನಿಲ್ಲುತ್ತಿದ್ದ. ನನಗೆ ಅದಕ್ಕಿಂತ ಹಿಂಸೆಯೆಂದರೆ ಆ ಸದ್ದು. ಮನೆಯಲ್ಲಿ ಹೆಂಡತಿ ಹಲಸಿನಕಾಯಿ ಕೊಚ್ಚುವಾಗ ಕತ್ತಿ ಜಾರಿ ಮಣೆಗೆ ತಾಗಿದರೆ ನಾನು ಕುಳಿತಲ್ಲಿಂದ ಎದ್ದುಬಿಡುತ್ತಿದ್ದೆ. ಎಂತ ಆಯ್ತು ನಿಮಗೆ ಎಂದು ಅವಳು ಕೇಳುತ್ತಿದ್ದಳು. ಬಸ್ಸಿನ ಕಂಬಿಗೆ ಯಾರದೋ ಟಿಫನ್ ಕ್ಯಾರಿಯರ್ ತಾಗಿದರೂ ಸಾಕಿತ್ತು. ಹಾಡುಹಗಲಿನಲ್ಲಿ, ಜನರ ನಡುವೆ, ಅವತ್ತು ಸುಮ್ಮನೆ ತೆರೆದ ಹಾಜರಿ ಪುಸ್ತಕದ ಪುಟ ಕಣ್ಣ ಮುಂದೆ ಬರುತ್ತಿತ್ತು.

ಅವನ ಕತ್ತಿಯನ್ನು ನಾನು ಅವತ್ತೇ ಗಿಡದ ನಡುವಿನಿಂದ ಎತ್ತಿ ಸ್ಟೋರಿನ ಅಟ್ಟದಲ್ಲಿ ಸೇರಿಸಿದ್ದೆ. ಯಾರ ಕಣ್ಣಿಗೂ ಬೀಳಬಾರದೆಂದು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಅತ್ತಿಗುಂಡಿಯಿಂದ ಬೆಳೆಗಾರರೊಬ್ಬರು ಬಂದರು, ಅಲಗಿನ ವಿಚಾರ ಕೇಳಲು. ಕಣದ ಕಟ್ಟೆಯ ಮೇಲೆ ಕುಳಿತು ನನ್ನ ಭಾಷಣ ಶುರುಮಾಡಿದೆ, ಮೊದಲು ಮಸೆಯುವವನನ್ನು ನೋಡಿ ಎಂದು. ನಾಲ್ಕು ಮಾರು ದೂರದಲ್ಲಿ ಎಡಚ ಕಾಫಿ ಮಗುಚುತ್ತಿದ್ದ. ಬಂದವರು ಕೈಮುಗಿದು ಹೋದರು. ಅವನು ಮಗುಚುವುದನ್ನು ನಿಲ್ಲಿಸಿ, "ಚೆನ್ನಾಗಿ ಹೇಳ್ತೀರಿ ರೈಟ್ರೇ," ಎಂದ. ಕುಹಕವಿರಲಿಲ್ಲ. ಅವನು ನಿಜವಾಗಿಯೇ ಮೆಚ್ಚಿ ಹೇಳಿದ್ದ. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಎಲ್ಲ ಹೇಳಿಬಿಟ್ಟೆ. ಎಡಗೈ ಎಂದು ಹೇಳಲು ಮರೆತದ್ದು, ಬಸ್ಸಿನಲ್ಲಿ ಬಿಚ್ಚಿ ನೋಡಿದ್ದು, ಇಳಿಯದೆ ಕುಳಿತದ್ದು, ಎಲ್ಲ. ಹೇಳುವಾಗ ಅತ್ತೆ. ಅವನು ಹಾರೆಯ ಹಾಗೆ ಹಿಡಿದಿದ್ದ ಮಗುಚುವ ಹಲಗೆಯನ್ನು ಪಕ್ಕಕ್ಕಿಟ್ಟು ನನ್ನ ಹತ್ತಿರ ಬಂದು ಕುಳಿತ.

"ಮುಟ್ಟಿದ ಕೂಡ್ಲೆ ನಂಗೆ ಗೊತ್ತಾಯ್ತು," ಎಂದ. "ಆಮೇಲೆ ನಿಮ್ಮ ಮುಖ ನೋಡ್ದೆ. ನಿಮ್ಗೂ ಗೊತ್ತಿದೆ ಅಂತ ಕಾಣ್ತು. ರೈಟ್ರು ಗೊತ್ತಿದ್ದೂ ಕೊಡ್ತಿದಾರಲ್ಲ, ಹಂಗಾದ್ರೆ ಎಂತದೂ ಆಗಲ್ಲ ಅಂದ್ಕೊಂಡು ಹತ್ತಿದೆ."

ಇಷ್ಟು ವರ್ಷ ನಾನು ಹೆದರಿದ್ದು ಅವನು ನನ್ನನ್ನು ಬೈಯುತ್ತಾನೆಂದು. ಅವನು ನನ್ನನ್ನು ನಂಬಿದ್ದ. ಮರ ಹತ್ತಲು ಬಾರದ ನನ್ನ ಮುಖ ನೋಡಿ, ತನ್ನ ಹೆಬ್ಬೆರಳು ಹೇಳಿದ್ದನ್ನು ಬದಿಗಿಟ್ಟಿದ್ದ.

ಅವನು ಕತ್ತಿ ಎಲ್ಲಿದೆ ಎಂದು ಕೇಳಿದ. ಅಟ್ಟದಿಂದ ಇಳಿಸಿ ತಂದೆ. ತುಕ್ಕು ಹಿಡಿದಿತ್ತು. ಬಲಕ್ಕಿದ್ದ ಆ ಇಳಿಜಾರು ಮಾತ್ರ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ರೂಢಿಯಂತೆ ನೆಲಕ್ಕಿಡಲು ಬಗ್ಗಿದೆ. ಅವನು ಬಲಗೈ ಚಾಚಿದ, ಆ ಎರಡು ಬೆರಳಿಲ್ಲದ ಕೈಯನ್ನು.

"ಕೈಗೇ ಕೊಡಿ," ಎಂದ.

"ಜಗಳ ಆಗುತ್ತೆ ಮಾರಾಯ."

"ಆಗ್ಲಿ ಬಿಡಿ. ಅವತ್ತೇ ಆಗ್ಬೇಕಿತ್ತು."

ಕೊಟ್ಟೆ. ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿದ. ಒಂದು ಕಠಿಣ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಮೋಡ ಕಟ್ಟುತ್ತಿತ್ತು, ಕಾಫಿ ಬಾಚಬೇಕು ಎಂದು ಎದ್ದ. ಮಾರನೇ ದಿನವೂ ಅವನು ಬಂದು ರೈಟ್ರೇ ಎಂದು ಎಂದಿನಂತೆ ಮಾತಾಡಿಸಿದ. ಆ ಜಗಳಕ್ಕೆ ನಾನು ಇವತ್ತಿಗೂ ಕಾಯುತ್ತಿದ್ದೇನೆ.