ಬಿಳಿ ದಾರದ ಊರು ಯಾವುದು?

ಕಾಗದಪತ್ರ ಜೋಡಿಸಿಡುವುದರಲ್ಲಿ ನನ್ನನ್ನು ಮೀರಿಸುವವರು ದೊಡ್ಡಬಳ್ಳಾಪುರದಲ್ಲಿ ಯಾರೂ ಇಲ್ಲ ಎಂಬ ಜಂಬ ನನಗಿದೆ. ಗಾರ್ಮೆಂಟ್ಸ್‌ನ ಎರಡನೇ ಲೈನಿನಲ್ಲಿ ಹನ್ನೆರಡು ವರ್ಷ ಕಾಲರ್ ಹೊಲಿದು, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆಫೀಸಿಗೆ ಹತ್ತಿದವಳು ನಾನು. ಹತ್ತಿದ್ದು ಅಂದರೆ ಒಂದು ಮಹಡಿ, ಅಷ್ಟೆ. ಕೆಳಗೆ ಮಿಷನ್ನುಗಳ ಸದ್ದು, ಮೇಲೆ ನನ್ನ ಫೈಲುಗಳು. ಯಾವ ಬಟ್ಟೆ ಯಾವ ಲಾರಿಯಲ್ಲಿ ಬಂತು, ಯಾರು ಹೊಲಿದರು, ಯಾವ ಪೆಟ್ಟಿಗೆಯಲ್ಲಿ ಹೋಯಿತು ಎಂದು ಕೇಳಿದರೆ ಎದ್ದು ಹೋಗಿ ಎರಡು ನಿಮಿಷದಲ್ಲಿ ತೆಗೆದುಕೊಡುತ್ತೇನೆ. ಕೊಟ್ಟದ್ದನ್ನೇ ಮತ್ತೆ ಕೇಳಿದರೆ ಮಾತ್ರ ನನಗೆ ರೇಗುತ್ತದೆ.

ಹೋದ ವರ್ಷ ಹಾಗೆ ಕೇಳಿದ್ದು ಅಮೆರಿಕ. ನಾವು ಕಳಿಸಿದ್ದ ಎಳೆಮಕ್ಕಳ ಬಟ್ಟೆಯ ಮಾಲು ಅಲ್ಲಿನ ಬಂದರಿನಲ್ಲಿ ನಿಂತುಬಿಟ್ಟಿತು. ಮಾಲು ಕೊಳ್ಳುವ ಅಲ್ಲಿನ ಕಂಪನಿ, ಅಂದರೆ ನಮ್ಮ ಬೈಯರ್ ಕಡೆಯಿಂದ ಮೇಲ್ ಬಂತು. ಈ ಬಟ್ಟೆಯ ಹತ್ತಿ ಯಾವ ಹೊಲದ್ದು, ಯಾರು ಬಿಡಿಸಿದರು, ಎಲ್ಲಿ ಹಿಂಜಿದರು, ಎಲ್ಲಿ ನೂತರು, ಎಲ್ಲಿ ನೇಯ್ದರು, ಎಲ್ಲದಕ್ಕೂ ದಾಖಲೆ ಬೇಕು, ಅದೂ ತಿಂಗಳೊಳಗೆ.

ನಮ್ಮ ಮ್ಯಾನೇಜರ್ ಆ ಮೇಲ್ ಓದಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಆದರೆ ಗಾಬರಿಯಾದರೆ ಕನ್ನಡಕ ಒರೆಸುತ್ತಲೇ ಇರುತ್ತಾರೆ. ಅವತ್ತು ಗಾಜು ಸವೆದುಹೋಗುವ ಹಾಗೆ ಒರೆಸಿದರು.

"ಮೇಡಂ, ಈ ಮಾಲು ವಾಪಸ್ ಬಂದ್ರೆ ಬೈಯರ್ ಕೈಬಿಟ್ಟ ಅಂತ್ಲೇ ಲೆಕ್ಕ. ಅವ್ನು ಹೋದ್ರೆ ಎರಡನೇ ಲೈನ್ ಮುಚ್ಚಬೇಕಾಗುತ್ತೆ."

ಎರಡನೇ ಲೈನ್ ಅಂದರೆ ನನ್ನ ತವರುಮನೆ. ಅಲ್ಲಿ ಮೂವತ್ತೆಂಟು ಜನ ಹೆಂಗಸರು. ಅವರಲ್ಲಿ ಹಿರಿಯಳು, ನನಗೆ ಮಿಷನ್ನಿನ ಮೇಲೆ ಕೈಯಿಡುವುದನ್ನು ಕಲಿಸಿದ ಅಕ್ಕ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಕಡೆಯವಳು, ಮದುವೆಯಾಗಿ ನಮ್ಮೂರಿಗೆ ಬಂದವಳು. ಚಿಕ್ಕವರಿಗೆ ಬೇರೆ ಗಾರ್ಮೆಂಟ್ಸ್‌ನಲ್ಲಿ ಮಾರನೆಯ ದಿನವೇ ಕೆಲಸ ಸಿಕ್ಕೀತು. ಅಕ್ಕನ ವಯಸ್ಸಿನವರನ್ನು ಯಾರೂ ಗೇಟಿನೊಳಕ್ಕೇ ಬಿಡುವುದಿಲ್ಲ.

ಇಷ್ಟಕ್ಕೂ ಇದನ್ನೆಲ್ಲ ಕೇಳಿಸುತ್ತಿರುವ ಅಮೆರಿಕದ ಕಾನೂನು ಏನು ಅಂತ ಓದಿದೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಉಯಿಘರ್ ಎಂಬ ಮುಸ್ಲಿಂ ಜನರಿದ್ದಾರೆ. ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದಾರೆ, ಹೊಲಗಳಲ್ಲೂ ಕಾರ್ಖಾನೆಗಳಲ್ಲೂ ಬಲವಂತವಾಗಿ ದುಡಿಸುತ್ತಿದ್ದಾರೆ ಎಂದು ಜಗತ್ತಿಗೆಲ್ಲ ಸುದ್ದಿಯಾಯಿತು. ಚೀನಾ ಸರ್ಕಾರ ಅದೆಲ್ಲ ಸುಳ್ಳು ಎಂದಿತು. ಅಮೆರಿಕ ಸರ್ಕಾರ ಒಂದು ಕಾನೂನು ತಂದಿತು. ಆ ಪ್ರಾಂತ್ಯದ ಹತ್ತಿಯ ಒಂದು ಎಳೆ ಇದ್ದರೂ ಅದು ಬಲವಂತದ ದುಡಿಮೆಯ ಮಾಲು ಎಂದೇ ಲೆಕ್ಕ. ಅಲ್ಲ ಎನ್ನುವವರು ಅದನ್ನು ಸಾಬೀತು ಮಾಡಬೇಕು.

ಓದಿ ನನಗೆ ಕೆಂಡದಂಥ ಕೋಪ ಬಂತು, ಚೀನಾದ ಮೇಲಲ್ಲ, ಅಮೆರಿಕದ ಮೇಲೆ. ಚಿತ್ರದುರ್ಗದ ಕಡೆಯ ಹತ್ತಿ, ದೊಡ್ಡಬಳ್ಳಾಪುರದ ಹೊಲಿಗೆ, ನಡುವೆ ಚೀನಾ ಎಲ್ಲಿಂದ ಬಂತು? ತಪ್ಪು ಮಾಡಿದವರು ಯಾರೋ, ಫೈಲು ಹುಡುಕುವವಳು ನಾನು. ಮೂರು ದಿನ ಮನೆಯಲ್ಲಿ ಎಲ್ಲರ ಮೇಲೂ ಹಾರಾಡಿದೆ. ನಾಲ್ಕನೆಯ ದಿನ ಕೆಲಸ ಶುರು ಮಾಡಿದೆ.

ಶುರು ಮಾಡಿದ ಮೇಲೆ, ಸುಳ್ಳೇಕೆ, ಮಜವಾಗಿತ್ತು. ಬಟ್ಟೆಯಿಂದ ನೂಲಿಗೆ, ನೂಲಿನಿಂದ ಹತ್ತಿಗೆ, ಒಬ್ಬರನ್ನು ಹಿಡಿದು ಇನ್ನೊಬ್ಬರ ಫೋನ್ ನಂಬರ್ ಸಂಪಾದಿಸುತ್ತಾ ಹಿಂದಕ್ಕೆ ಹೋದೆ. ಕೊನೆಗೆ ಹತ್ತಿ ಹಿಂಜುವ ಮಿಲ್ಲಿನವರು ತಮಗೆ ಹತ್ತಿ ಮಾರಿದ ಒಬ್ಬ ರೈತರನ್ನು ವಿಡಿಯೊ ಕಾಲ್‌ನಲ್ಲಿ ಹಿಡಿದುಕೊಟ್ಟರು. ಅದನ್ನು ರೆಕಾರ್ಡ್ ಮಾಡಿ ಬೈಯರ್‌ಗೆ ಕಳಿಸಬೇಕಿತ್ತು. ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತರು. ಫೋನಿನಲ್ಲಿ ಮೊದಲು ಆಕಾಶ ಕಂಡಿತು, ಆಮೇಲೆ ರೈತರ ಮೂಗು, ಆಮೇಲೆ ಹತ್ತಿ ಬಿಡಿಸುತ್ತಿದ್ದ ಅವರ ತಾಯಿ. ನಾನು ಪಟ್ಟಿಯಲ್ಲಿದ್ದ ಪ್ರಶ್ನೆ ಕೇಳಿದೆ.

"ಅಜ್ಜೀ, ನಿಮ್ಮನ್ನ ಯಾರಾದ್ರೂ ಬಲವಂತ ಮಾಡಿ ಈ ಕೆಲ್ಸಕ್ಕೆ ಹಚ್ಚಿದಾರಾ?"

"ಹೂಂ ಕಣವ್ವಾ, ಹಚ್ಚವ್ರೆ," ಎಂದಿತು ಅಜ್ಜಿ, ಸೆರಗಿನಲ್ಲಿ ಮುಖ ಒರೆಸಿಕೊಂಡು. "ನನ್ ಸೊಸೆ. ತಾನು ನೆಳ್ಳಲ್ಲಿ ಕುಂತು ನನ್ನ ಬಿಸಿಲಿಗೆ ಅಟ್ಟವ್ಳೆ."

ಮರದ ಕೆಳಗಿನಿಂದ ಸೊಸೆಯ ಧ್ವನಿ ಬಂತು: "ಕೂತ್ಕೋ ಅಂದ್ರೂ ಕೂತ್ಕೊಳಲ್ಲ, ಈಗ ನನ್ ಮ್ಯಾಲೆ ದೂರು ಹೇಳ್ತದೆ ನೋಡು!"

ಮ್ಯಾನೇಜರ್ ಕನ್ನಡಕ ತೆಗೆದರು. ನಾನು ನಗು ತಡೆದುಕೊಂಡು, "ಅಜ್ಜೀ, ತಮಾಷೆ ಬೇಡ, ಇದು ಅಮೆರಿಕಕ್ಕೆ ಹೋಗುತ್ತೆ" ಎಂದೆ. "ಓಗ್ಲಿ ಬುಡು, ಅವರ್ಗೂ ಗೊತ್ತಾಗ್ಲಿ" ಎಂದಿತು ಅಜ್ಜಿ. ಎರಡನೇ ಸಲ ರೆಕಾರ್ಡ್ ಮಾಡಿದೆವು. ಅಜ್ಜಿ ಗಂಭೀರವಾಗಿ, ಇದು ನಮ್ಮ ಹೊಲ, ನನ್ನ ಇಷ್ಟ, ಎಂದು ಹೇಳಿತು. ಮೊದಲನೆಯದು ಇನ್ನೂ ನನ್ನ ಫೋನಿನಲ್ಲಿದೆ, ಬೇಜಾರಾದಾಗ ಹಾಕಿಕೊಂಡು ನೋಡುತ್ತೇನೆ.

ಈ ಕಥೆಯನ್ನು ಊಟದ ಹೊತ್ತಿನಲ್ಲಿ ಎರಡನೇ ಲೈನಿನವರಿಗೆ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಚೆಕಿಂಗ್‌ನಲ್ಲಿರುವ ಒಬ್ಬಳು ಮಾತ್ರ, ಮನೆಯಲ್ಲಿ ಉರ್ದು ಆಡುವವಳು, ನಗು ಮುಗಿಯುವವರೆಗೂ ಕಾದು ಕೇಳಿದಳು.

"ಆ ಉಯಿಘರ್ ಜನದ ವಿಷ್ಯ ನಂಗೊತ್ತು ಮೇಡಂ. ನಮ್ಮಣ್ಣ ಫೋನಲ್ಲಿ ತೋರಿಸಿದ್ದ. ರಂಜಾನಲ್ಲಿ ರೋಜಾ ಉಪವಾಸ ಇಡೋಕೂ ಬಿಡಲ್ವಂತೆ. ಅಮೆರಿಕದವ್ರು ಕಾನೂನು ಮಾಡಿದ್ರು, ಸರಿ. ನಮ್ ಸರ್ಕಾರ ಏನಂತು?"

ನಾನು ಓದಿದ್ದನ್ನು ಹೇಳಿದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಇದರ ಬಗ್ಗೆ ಚರ್ಚೆಯಾದರೂ ಆಗಲಿ ಎಂಬ ಗೊತ್ತುವಳಿ ಬಂದಾಗ ನಮ್ಮ ದೇಶ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ, ಮತವನ್ನೇ ಹಾಕಲಿಲ್ಲ. ಆಮೇಲೆ, ಅಲ್ಲಿನ ಜನರ ಹಕ್ಕುಗಳಿಗೆ ಗೌರವ ಸಿಗಬೇಕು ಎಂದು ಹೇಳಿತು. ಗೊತ್ತುವಳಿ ಬಿದ್ದುಹೋಯಿತು.

"ಥೇಟ್ ನಮ್ಮನೆಯವ್ರು!" ಎಂದಳು ಅಕ್ಕ. "ಅತ್ತೆಗೂ ನಂಗೂ ಜಗಳ ಆದ್ರೆ ಅವ್ರು ಚಪ್ಲಿ ಮೆಟ್ಕೊಂಡು ಆಚೆ ಹೋಗೋರು. ಎಲ್ಲಾ ಮುಗಿದ್ಮೇಲೆ ಬಂದು, ಇಬ್ರೂ ಚೆನ್ನಾಗಿರ್ಬೇಕಮ್ಮಾ, ಅನ್ನೋರು."

ಮತ್ತೆ ನಗು. ಚೆಕಿಂಗ್‌ನವಳೂ ನಕ್ಕಳು, ಆದರೆ ಅವಳ ಡಬ್ಬಿಯಲ್ಲಿ ಅರ್ಧ ಅನ್ನ ಹಾಗೇ ಉಳಿದಿತ್ತು.

ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ಕೊನೆಯ ಹಾಳೆ ಬಂತು. ಹೊಲಿಗೆ ದಾರ ಎಲ್ಲಿಯದು? ಮಗುವಿನ ಮೈಗೆ ಒರಟಾಗಬಾರದೆಂದು ದಾರವೂ ಹತ್ತಿಯದೇ ಆಗಿರಬೇಕು ಎಂದು ಬೈಯರ್ ಹೇಳಿದ್ದ. ಅದಕ್ಕೊಂದು ಮಿಲ್ಲು ಗೊತ್ತು ಮಾಡಿದ್ದೆವು, ಬಿಲ್ಲುಗಳಿದ್ದವು. 'ಪೂರ್ತಿ ಆ ಮಿಲ್ಲಿನದೇ' ಎಂದು ಬರೆಯಲು ಪೆನ್ನು ಎತ್ತಿದವಳಿಗೆ ಚಪ್ಪಾಳೆ ನೆನಪಾಯಿತು.

ಆ ಆರ್ಡರಿನ ಕೊನೆಯ ದಿನ ಬಿಳಿ ದಾರ ಮುಗಿದುಹೋಗಿತ್ತು. ದಾರದ ಲಾರಿ ದಾಬಸ್‌ಪೇಟೆ ಹತ್ತಿರ ಕೆಟ್ಟು ನಿಂತಿತ್ತು, ಮಾಲಿನ ಕಂಟೇನರ್ ಗೇಟಿನಲ್ಲಿ ಕಾಯುತ್ತಿತ್ತು. ಆಗ ನಮ್ಮ ಅಕ್ಕ ತನ್ನ ಮಿಷನ್ನಿನ ಕೆಳಗಿನಿಂದ ಬಿಸ್ಕತ್ತಿನ ತಗಡಿನ ಡಬ್ಬ ಎಳೆದಳು. ಹಳೆಯ ಟೈಲರ್‌ಗಳೆಲ್ಲರ ಹತ್ತಿರವೂ ಅಂಥದ್ದೊಂದು ಇರುತ್ತದೆ. ಆರ್ಡರ್ ಮುಗಿದ ಮೇಲೆ ಉಳಿದ ಅರ್ಧ, ಕಾಲು ಕೋನ್ ದಾರವನ್ನು ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ, ಎತ್ತಿಡುತ್ತಾರೆ. ನಾನೂ ಇಡುತ್ತಿದ್ದೆ. ಅಕ್ಕ ಅದರಿಂದಲೇ ಕೊನೆಯ ಬಂಡಲುಗಳನ್ನು ಹೊಲಿದು ಮುಗಿಸಿದಳು. ಇಡೀ ಲೈನ್ ಚಪ್ಪಾಳೆ ತಟ್ಟಿತು, ಮ್ಯಾನೇಜರ್ ಮೈಸೂರು ಪಾಕ್ ತರಿಸಿದರು. ನಾನು ಎರಡು ತುಂಡು ತಿಂದಿದ್ದೆ.

ಆ ಡಬ್ಬದಲ್ಲಿ ಎಷ್ಟೋ ವರ್ಷಗಳ, ಎಷ್ಟೋ ಕಡೆಯ ದಾರ ಇತ್ತು. ಹಿಂದೆ ಒಬ್ಬ ಬೈಯರ್ ಚೀನಾದಿಂದಲೇ ತರಿಸಿಕೊಟ್ಟಿದ್ದ ದಾರವೂ ಇತ್ತು.

ಮ್ಯಾನೇಜರ್‌ಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದರು. "ಬಿಳಿ ದಾರ ಬಿಳಿ ದಾರಾನೇ ಮೇಡಂ. ಯಾರಿಗೆ ಗೊತ್ತಾಗುತ್ತೆ? ಬರ್ದುಬಿಡಿ."

ನಾನು ಸತ್ಯವಂತೆ ಎಂದು ಇಲ್ಲಿ ಬರೆದುಕೊಳ್ಳಬಹುದಿತ್ತು. ಆದರೆ ನಾನು ಬರೆದುಬಿಟ್ಟೆ. ಮೂವತ್ತೆಂಟು ಜನ ಒಂದು ಕಡೆ, ಒಂದು ಡಬ್ಬ ದಾರ ಒಂದು ಕಡೆ. ಅಕ್ಕನಿಗೋಸ್ಕರ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹಾಳೆಯನ್ನು ಕಳಿಸುವುದಕ್ಕೆ ಮೊದಲು, ಯಾರಾದರೂ ಕೇಳಿದರೆ ಬಾಯಿಬಿಡಬೇಡ ಎಂದು ಅವಳಿಗೆ ಎಚ್ಚರಿಕೆ ಹೇಳಲು ಕೆಳಗಿಳಿದೆ.

ಟೀ ಹೊತ್ತು. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಎಲ್ಲ ಹೇಳಿದೆ. ಶಿಬಿರ, ಕಾವಲು, ಮನೆಗೆ ಹೋಗಲು ಬಿಡದೆ ಇಟ್ಟುಕೊಂಡ ಹುಡುಗಿಯರು, ಹಾಗೆ ನೂತ ದಾರ ಎಲ್ಲೆಲ್ಲೋ ಸೇರಿರಬಹುದು, ಅದಕ್ಕೇ ಈ ಕಾನೂನು, ಅದಕ್ಕೇ ನೀನು ಸುಮ್ಮನಿರಬೇಕು, ಎಂದೆ. ಅಕ್ಕ ಟೀ ಲೋಟ ಕೆಳಗಿಟ್ಟಳು.

"ಮನೆಗೆ ಬಿಡಲ್ವಂತಾ?"

"ಬಿಡಲ್ವಂತೆ."

"ನಾನೂ ಮಿಲ್ಲಲ್ಲಿದ್ದೆ ಕಣೇ, ಮದುವೆಗೆ ಮುಂಚೆ. ನಿಂಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ." ಅವಳು ನನ್ನ ಮುಖ ನೋಡದೆ ಹೇಳುತ್ತಾ ಹೋದಳು. "ನಮ್ ರಾಜ್ಯದ ಗಡಿಯಾಚೆ, ದಾರದ ಮಿಲ್ಲು. ಒಬ್ಬ ಏಜೆಂಟ್ ಬಂದು ಮೂರು ವರ್ಷ ಅಂತ ಹೇಳಿ ಕರ್ಕೊಂಡೋದ. ಹಾಸ್ಟ್ಲು, ಮಿಲ್ಲು, ಹಾಸ್ಟ್ಲು. ಗೇಟಿಗೆ ಬೀಗ. ಒಂದಿನ ನಮ್ಮಪ್ಪ ನೋಡಕ್ಕೆ ಬಂದ್ರು. ಹೆಂಗಿದ್ದೀಯಾ ಮಗಾ ಅಂದ್ರು. ಚೆನ್ನಾಗಿದ್ದೀನಪ್ಪಾ ಅಂದೆ. ಏನ್ಮಾಡ್ಲಿ, ವಾರ್ಡನ್ನು ಪಕ್ಕದಲ್ಲೇ ನಿಂತಿದ್ಲು. ಅಪ್ಪ ನಂಬ್ಕೊಂಡು ಹೋಗ್ಬಿಟ್ರು."

ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ನಾವು.

"ಆವಾಗ ಯಾವ್ದಾದ್ರೂ ದೇಶದವ್ರು, ಈ ದಾರ ಯಾರು ನೂತಿದ್ದು, ಅವ್ಳನ್ನ ಮನೆಗೆ ಬಿಡ್ತೀರೋ ಇಲ್ವೋ ಅಂತ ಕೇಳಿದ್ರೆ ನಾನು ಎರಡು ವರ್ಷ ಮುಂಚೆ ಮನೆಗೋಗ್ತಿದ್ದೆ. ಯಾರೂ ಕೇಳ್ಲಿಲ್ಲ. ಈಗ ಕೇಳ್ತಾವ್ರೆ, ನೀನು ಸುಳ್ಳು ಬರೀತೀಯಾ?"

"ಅಕ್ಕಾ, ಲೈನ್ ಮುಚ್ಚಿದ್ರೆ ಮೊದ್ಲು ಹೋಗೋಳು ನೀನು."

"ಹೋದ್ರೆ ಮನೆಗೆ ತಾನೆ ಹೋಗೋದು?" ಎಂದು ಎದ್ದಳು. "ಬಾ, ನಾನು ಹೊಲಿದಿದ್ದು ಯಾವ್ಯಾವ ಬಂಡ್ಲು ಅಂತ ಹೇಳ್ತೀನಿ, ಬರ್ಕೋ."

ಬಂಡಲ್ ನಂಬರುಗಳನ್ನು ಅವಳು ಹೇಳಿದಳು, ನನ್ನ ಫೈಲು ಪೆಟ್ಟಿಗೆಗಳನ್ನು ತೋರಿಸಿತು. ಹನ್ನೊಂದು ಪೆಟ್ಟಿಗೆ, ಅಷ್ಟೆ. ಮೊದಲಿನ ಹಾಳೆ ಹರಿದೆ. ಈ ಹನ್ನೊಂದರ ದಾರ ಎಲ್ಲಿಯದೆಂದು ನಮಗೆ ಗೊತ್ತಿಲ್ಲ, ಉಳಿದದ್ದರ ಪ್ರತಿ ಎಳೆಯೂ ಗೊತ್ತಿದೆ, ಎಂದು ಬರೆದೆ. ಕೆಳಗೆ ಅಕ್ಕ ತನ್ನ ಹೇಳಿಕೆ ಬರೆದು ಸಹಿ ಹಾಕಿದಳು.

ಮ್ಯಾನೇಜರ್ ಕೂಗಾಡಿದರು. "ಲೈನ್ ಮುಚ್ಚಿಸ್ಬೇಕು ಅಂತ ಮಾಡಿದ್ದೀರಾ?" ನನಗೂ ಸಿಟ್ಟು ನೆತ್ತಿಗೇರಿತು. "ಹತ್ತಿ ಯಾವ ಮಣ್ಣಲ್ಲಿ ಬೆಳೆದಿದ್ದು ಅಂತ ಕಂಡುಹಿಡಿಯೋ ಪರೀಕ್ಷೆ ಇದೆ ಸಾರ್ ಅವ್ರತ್ರ. ಸುಳ್ಳು ಸಿಕ್ಕಿಬಿದ್ರೆ ಒಂದು ಲೈನಲ್ಲ, ಗೇಟೇ ಮುಚ್ಚುತ್ತೆ. ಮತ್ತೆ ಆವತ್ತು ಚಪ್ಪಾಳೆ ನೀವೂ ತಟ್ಟಿದ್ರಿ." ಅವರು ಕನ್ನಡಕ ಒರೆಸಿ, ಹಾಕಿಕೊಂಡು, ಹಾಳೆಯನ್ನು ಮತ್ತೊಮ್ಮೆ ಓದಿ, ಕಳಿಸಿ ಎಂದರು.

ಆಮೇಲಿನ ದಿನಗಳಲ್ಲಿ ನಾನು ಇಳಿದು ಬಂದಾಗಲೆಲ್ಲ ಮೂವತ್ತೇಳು ಮುಖಗಳು ಮಿಷನ್ನಿನಿಂದ ಮೇಲೆದ್ದು ನನ್ನನ್ನೇ ನೋಡುತ್ತಿದ್ದವು. ಅಕ್ಕನೊಬ್ಬಳು ಮಾತ್ರ ತಲೆ ಎತ್ತದೆ ಹೊಲಿಯುತ್ತಿದ್ದಳು.

ಒಂದು ಗುರುವಾರ ಮೇಲ್ ಬಂತು. ಹನ್ನೊಂದು ಪೆಟ್ಟಿಗೆಗಳನ್ನು ವಾಪಸ್ ಕಳಿಸುತ್ತಾರೆ, ಉಳಿದ ಮಾಲನ್ನೆಲ್ಲ ಬಿಟ್ಟಿದ್ದಾರೆ. ಮುಂದಿನ ಆರ್ಡರ್ ಬಗ್ಗೆಯೂ ವಿಚಾರಿಸಿದ್ದರು. ನಾನು ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದೆ. ಲೈನ್ ಪೂರ್ತಿ ಎದ್ದು ನಿಂತಿತು. ಯಾರೋ ಮಿಷನ್ ಮೇಲೆ ತಾಳ ಹಾಕಿದರು, ಯಾರೋ ನನ್ನನ್ನು ಎತ್ತಿ ತಿರುಗಿಸಲು ಹೋಗಿ ಇಬ್ಬರೂ ಬಟ್ಟೆಯ ರಾಶಿಯ ಮೇಲೆ ಬಿದ್ದೆವು. ಮ್ಯಾನೇಜರ್ ಮತ್ತೆ ಮೈಸೂರು ಪಾಕ್‌ಗೆ ಆಳು ಕಳಿಸಿದರು. ಅಷ್ಟು ಸಂತೋಷ ನನಗೆ ಕೆಲಸಕ್ಕೆ ಸೇರಿದ ದಿನವೂ ಆಗಿರಲಿಲ್ಲ.

ಗದ್ದಲ ಇಳಿದ ಮೇಲೆ ಅಕ್ಕ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ನಗುವೂ ಇತ್ತು.

"ಮಾಲು ಬಿಟ್ರು, ಒಳ್ಳೇದಾಯ್ತು. ಆ ಹುಡುಗೀರ್ನ ಬಿಟ್ರಾ?"

ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲದಿದ್ರೆ ಕೇಳು, ಇಷ್ಟು ದಿನ ಅವ್ರು ಕೇಳಿದ್ದಕ್ಕೆಲ್ಲ ನಾವು ಹೇಳಿಲ್ವಾ, ಎಂದಳು. ಅದೇ ಸಂಜೆ ಬೈಯರ್‌ಗೆ ಧನ್ಯವಾದದ ಮೇಲ್ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಷಿನ್‌ಜಿಯಾಂಗ್‌ನ ಆ ಹುಡುಗಿಯರು ಮನೆಗೆ ಹೋದರೇ ಎಂದು ನಮ್ಮ ಎರಡನೇ ಲೈನಿನ ಟೈಲರ್ ಒಬ್ಬರು ಕೇಳುತ್ತಿದ್ದಾರೆ. ಮಾರನೆಯ ದಿನವೇ ಉತ್ತರ ಬಂತು. ಮುಂದಿನ ಆರ್ಡರಿನ ಬಟ್ಟೆ, ಬಣ್ಣ, ಅಳತೆ ಎಲ್ಲ ಇತ್ತು, ಆ ಸಾಲಿಗೆ ಮಾತ್ರ ಏನೂ ಇರಲಿಲ್ಲ. ಅಕ್ಕ ಈಗಲೂ ಸೋಮವಾರ ಬೆಳಿಗ್ಗೆ ಮಿಷನ್ ಹಾಕುವ ಮುಂಚೆ ಮೇಲೆ ಬಂದು, ಏನಾದ್ರೂ ಬಂತಾ ಎಂದು ಕೇಳುತ್ತಾಳೆ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳುವವರಲ್ಲಿ ನನಗೆ ಸಿಟ್ಟು ಬಾರದಿರುವುದು ಅವಳೊಬ್ಬಳ ಮೇಲೆ.